ಜೀರ್ಣೋದ್ಧಾರ, ಮೂರು ತಿಂಗಳಿಗೊಮ್ಮೆ

ಅರಸೀಕೆರೆಯಲ್ಲಿ ರೈಲು ಬದಲಾಯಿಸದ ಕನ್ನಡಿಗ ಅಪರೂಪ. ಅರಸೀಕೆರೆಯನ್ನು ನೋಡಿದ ಕನ್ನಡಿಗ ಅದಕ್ಕಿಂತ ಅಪರೂಪ. ಯಾವ ಊರು ಎಂದು ಕೇಳಿದವರಿಗೆ ಹೆಸರು ಹೇಳಿದರೆ ಸಾಕು, ‘ಓ, ಜಂಕ್ಷನ್ ಅಲ್ವಾ, ರಾತ್ರಿ ಎರಡು ಗಂಟೆಗೆ ಅಲ್ಲಿ ಕಾಫಿ ಕುಡಿದಿದ್ದೀನಿ’ ಎನ್ನುತ್ತಾರೆ. ಅಲ್ಲಿಗೆ ನಮ್ಮೂರಿನ ಚರಿತ್ರೆ ಮುಗಿಯುತ್ತದೆ. ಹದಿಮೂರನೆಯ ಶತಮಾನದ ಶಿವಾಲಯ, ಅದರ ಮುಂದಿನ ನಕ್ಷತ್ರಾಕಾರದ ಮಂಟಪ, ಎಪಿಎಂಸಿ ಯಾರ್ಡಿನ ಕೊಬ್ಬರಿ ರಾಶಿ, ಇದ್ಯಾವುದೂ ಪ್ಲಾಟ್‌ಫಾರಮ್ಮಿನಿಂದ ಕಾಣುವುದಿಲ್ಲ. ಹಳೇಬೀಡು, ಬೇಲೂರಿಗೆ ಹೊರಟವರೂ ಇಲ್ಲಿ ಇಳಿದು, ಬಸ್ಸು ಹತ್ತಿ ಕಣ್ಣು ಮುಚ್ಚಿದರೆ ಜಾವಗಲ್ ದಾಟಿದ ಮೇಲೇ ಬಿಡುವುದು. ನನಗೇನೂ ಬೇಸರವಿಲ್ಲ. ಬ್ಯಾಂಕಿನ ಕೌಂಟರಿನ ಹಿಂದೆ ಕೂತು ನಿವೃತ್ತನಾದವನು ನಾನು. ಮುಖ ನೋಡದೆ ಕೆಲಸ ಮಾಡಿಸಿಕೊಂಡು ಹೋಗುವವರು ನನಗೆ ಹೊಸಬರಲ್ಲ.

ಅಂಥದೇ ಹಣೆಬರಹದ ಇನ್ನೊಬ್ಬ ನಮ್ಮ ಮನೆಗೆ ಬಂದು ಸೇರಿದ್ದು 2020ರಲ್ಲಿ. ನನ್ನ ತಂಗಿಯ ಮಗ. ಲಾಕ್‌ಡೌನ್ ಎಂದು ಬೆಂಗಳೂರಿನ ರೂಮು ಖಾಲಿ ಮಾಡಿ, ಲ್ಯಾಪ್‌ಟಾಪನ್ನು ಮಗುವಿನಂತೆ ಎದೆಗವಚಿಕೊಂಡು ಬಂದವನು, ಮಹಡಿ ಕೋಣೆ ಹಿಡಿದು ಅಲ್ಲೇ ಉಳಿದ. ಹಗಲೆಲ್ಲ ಕಂಪನಿ ಕೆಲಸ, ಸರಿ. ರಾತ್ರಿ ಊಟವಾಗಿ ಮಜ್ಜಿಗೆಯ ಲೋಟ ಕೆಳಗಿಟ್ಟ ಮೇಲೆ ಮತ್ತೆ ಅದೇ ಲ್ಯಾಪ್‌ಟಾಪು.

‘ಇದೇನೋ, ಓವರ್‌ಟೈಮಾ?’

‘ಅಲ್ಲ ಮಾವ, ಇದು ಬೇರೆ. ಪಿಪ್ ಅಂತ.’

‘ಸಂಬಳ?’

‘ಇಲ್ಲ.’

‘ಬೋನಸ್ಸು?’

‘ಬೈಗುಳ ಬರುತ್ತೆ.’

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇದೆಯಂತೆ, ಹಾವಿಗೂ ಅದಕ್ಕೂ ಸಂಬಂಧವಿಲ್ಲವಂತೆ. ಆ ಭಾಷೆಯಲ್ಲಿ ಯಾರು ಯಾರೋ ಬರೆದಿಟ್ಟ ಸಾಫ್ಟ್‌ವೇರ್ ತುಣುಕುಗಳೆಲ್ಲ ಒಂದು ದೊಡ್ಡ ಉಗ್ರಾಣದಲ್ಲಿವೆ. ಬೇಕಾದ ತುಣುಕಿನ ಹೆಸರು ಹೇಳಿದರೆ ಅದನ್ನು ಉಗ್ರಾಣದಿಂದ ನಿಮ್ಮ ಕಂಪ್ಯೂಟರಿಗೆ ತಂದು ಕೂರಿಸುವುದು ಪಿಪ್. 2008ರಲ್ಲಿ ಇಯಾನ್ ಬಿಕಿಂಗ್ ಎಂಬಾತ ಶುರು ಮಾಡಿದ್ದು. ಈಗ ಬೆರಳೆಣಿಕೆಯ ಸ್ವಯಂಸೇವಕರು ನೋಡಿಕೊಳ್ಳುತ್ತಾರೆ. ನಮ್ಮ ಹುಡುಗ ಗರ್ಭಗುಡಿಗೆ ಹೋಗುವವನಲ್ಲ, ನವರಂಗದಲ್ಲಿ ನಿಂತು ಕೈ ಜೋಡಿಸುವವನು. ಬಂದ ದೂರು ಓದುತ್ತಾನೆ, ಪರೀಕ್ಷೆ ಮಾಡಿ ನೋಡುತ್ತಾನೆ, ಅಲ್ಲೊಂದು ಇಲ್ಲೊಂದು ಸಾಲು ತಿದ್ದಿ ಹಿರಿಯರ ಒಪ್ಪಿಗೆಗೆ ಕಳಿಸುತ್ತಾನೆ. ಒಪ್ಪಿಗೆ ಬರಲು ವಾರವೂ ಆಗಬಹುದು, ವರುಷವೂ ಆಗಬಹುದು. ಇದನ್ನು ಕೇಳಿದಾಗ ನನಗೆ ಹೆಡ್ಡಾಫೀಸು ನೆನಪಾಗಿ ಹುಡುಗನ ಮೇಲೆ ಗೌರವ ಹುಟ್ಟಿತು.

ಒಂದು ರಾತ್ರಿ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದ. ಪಾಂಡಾಸ್ ಎಂಬುದೊಂದನ್ನು ತರಿಸಿದ. ಲೆಕ್ಕದ ಕೋಷ್ಟಕ ಜಾಲಾಡುವವರಿಗೆಲ್ಲ ಬೇಕಾದದ್ದು. ತರಿಸಿದ್ದು ಒಂದು, ಪರದೆಯ ಮೇಲೆ ಸಾಲಾಗಿ ಇಳಿದದ್ದು ಹಲವು. ಪಾಂಡಾಸಿಗೆ ತಾರೀಖು ನೋಡಲು ಡೇಟ್‌ಯುಟಿಲ್ ಬೇಕು. ಡೇಟ್‌ಯುಟಿಲ್‌ಗೆ ಸಿಕ್ಸ್ ಎಂಬ ಪುಟಾಣಿ ಬೇಕು. ಈ ಸಿಕ್ಸ್‌ನ ಕಥೆ ನನಗೆ ಬಹಳ ಹಿಡಿಸಿತು. ಪೈಥಾನಿನ ಎರಡನೇ ಆವೃತ್ತಿಗೂ ಮೂರನೆಯದಕ್ಕೂ ಮಾತುಕತೆ ನಿಂತುಹೋಗಿದ್ದ ಕಾಲದಲ್ಲಿ ನಡುವೆ ನಿಂತು ಸಂಧಾನ ಮಾಡಲು ಹುಟ್ಟಿದ್ದು ಅದು. ಎರಡು ಮೂರಲ ಆರು, ಅದಕ್ಕೇ ಆ ಹೆಸರು. 2020ರ ಜನವರಿ 1ರಂದು ಎರಡನೇ ಆವೃತ್ತಿಗೆ ಅಧಿಕೃತವಾಗಿ ಎಳ್ಳುನೀರು ಬಿಟ್ಟರು. ಜಗಳದ ಒಂದು ಕಡೆಯವನೇ ತೀರಿಕೊಂಡರೂ ಸಂಧಾನಕಾರ ಇಂದಿಗೂ ಊರೂರು ಸುತ್ತುತ್ತಿದ್ದಾನೆ. ಅತಿ ಹೆಚ್ಚು ಜನ ಇಳಿಸಿಕೊಳ್ಳುವ ಪ್ಯಾಕೇಜುಗಳಲ್ಲಿ ಅವನೂ ಒಬ್ಬ. ಕಾರಣ ಕೇಳಿದೆ. ‘ಕಿತ್ತರೆ ಯಾರ ಮನೆ ಬೀಳುತ್ತೋ ಗೊತ್ತಿಲ್ಲ ಮಾವ’ ಎಂದ.

ಹೀಗೆ ಒಬ್ಬರನ್ನೊಬ್ಬರು ನೆಚ್ಚಿಕೊಂಡ ತುಣುಕುಗಳಲ್ಲಿ ಯಾವುದರ ಯಾವ ಆವೃತ್ತಿ ಯಾವುದರ ಜೊತೆ ಬಾಳುತ್ತದೆ ಎಂದು ಹೊಂದಿಸುವುದೇ ಪಿಪ್‌ನ ದೊಡ್ಡ ತಲೆನೋವು. ಇದು ಶುದ್ಧ ಜಾತಕ ಕೂಡಿಸುವ ಕೆಲಸ. ಹಳೆಯ ಪಿಪ್ ಅವಸರದ ದಲ್ಲಾಳಿಯಾಗಿತ್ತು. ಮೊದಲು ಸಿಕ್ಕ ಗಂಡನ್ನು ಒಪ್ಪಿಸಿ ಮದುವೆ ಮುಗಿಸಿಬಿಡುತ್ತಿತ್ತು. ಸಗೋತ್ರವೆಂದು ತಿಳಿಯುವಷ್ಟರಲ್ಲಿ ಬೀಗರ ಊಟವೂ ಆಗಿರುತ್ತಿತ್ತು. 2017ರಲ್ಲಿ ಪ್ರದ್ಯುನ್ ಗೆಡಂ ಎಂಬ ನಮ್ಮ ದೇಶದ ವಿದ್ಯಾರ್ಥಿ ಗೂಗಲ್ಲಿನ ಬೇಸಿಗೆ ಯೋಜನೆಯಲ್ಲಿ ಇದನ್ನು ಸರಿಪಡಿಸಲು ಕೈ ಹಾಕಿದ, ಮುಂದೆ ಪಿಪ್ ನೋಡಿಕೊಳ್ಳುವವರಲ್ಲೇ ಒಬ್ಬನಾದ. ಆಮೇಲೆ ಮೊಜಿಲ್ಲಾ ಸಂಸ್ಥೆಯೂ ಚಾನ್ ಜುಕರ್‌ಬರ್ಗ್ ಇನಿಷಿಯೇಟಿವ್ ಎಂಬ ದತ್ತಿಯೂ ಸೇರಿ 4,07,000 ಡಾಲರ್ ಕೊಟ್ಟವು. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಮೂರು ಕೋಟಿ ರೂಪಾಯಿ. 2020ರ ನವೆಂಬರ್ ಕೊನೆಗೆ 20.3 ಎಂಬ ಆವೃತ್ತಿಯಲ್ಲಿ ಹೊಸ ಜೋಯಿಸರು ಪೀಠವೇರಿದರು. ಇವರು ಶಿಸ್ತಿನವರು. ಒಂದು ಕಡೆ ಹೊಂದದಿದ್ದರೆ ಹಿಂದಕ್ಕೆ ಬಂದು ಇನ್ನೊಂದು ಆವೃತ್ತಿ ತೆಗೆದು ನೋಡುತ್ತಾರೆ, ಅದೂ ಆಗದಿದ್ದರೆ ಮತ್ತೊಂದು. ಏನೂ ಕೂಡದಿದ್ದರೆ ‘ರೆಸಲ್ಯೂಷನ್ ಇಂಪಾಸಿಬಲ್’ ಎಂದು ಪಂಚಾಂಗ ಮುಚ್ಚುತ್ತಾರೆ. ಎಲ್ಲ ಸಂದರ್ಭಕ್ಕೂ ಬೇಗ ಉತ್ತರ ಕೊಡುವ ಸೂತ್ರ ಇದಕ್ಕೆ ಈವರೆಗೆ ಯಾರಿಗೂ ಸಿಕ್ಕಿಲ್ಲ. ಗಣಿತದವರು ಎನ್‌ಪಿ ಎಂದು ಆರಂಭವಾಗುವ ಒಂದು ಕಷ್ಟದ ಹೆಸರಿಟ್ಟು ಕೈಮುಗಿದಿದ್ದಾರೆ.

ಜನ ಸಂತೋಷಪಟ್ಟರೆ? ಇಲ್ಲ. ‘ಮೊದಲು ಕ್ಷಣದಲ್ಲಿ ಆಗುತ್ತಿದ್ದದ್ದು ಈಗ ಗಂಟೆಗಟ್ಟಲೆ ಸುತ್ತುತ್ತಿದೆ’ ಎಂದು ದೂರು. ಮೊದಲು ತಪ್ಪಾಗಿ ಆಗುತ್ತಿತ್ತು ಎಂದು ವಿವರಿಸಿದರೆ, ‘ತಪ್ಪಾದರೂ ನಡೆಯುತ್ತಿತ್ತಲ್ಲ’ ಎಂಬ ಪ್ರಶ್ನೆ. ಇದಕ್ಕೆ ಉತ್ತರ ನಮ್ಮ ಹುಡುಗನಲ್ಲೂ ಇಲ್ಲ, ಬ್ಯಾಂಕಿನಲ್ಲಿದ್ದಾಗ ನನ್ನಲ್ಲೂ ಇರಲಿಲ್ಲ.

ಕಿತ್ತರೆ ಮನೆ ಬೀಳುತ್ತದೆ ಎಂಬುದು ಬರೀ ಮಾತಲ್ಲ. ಜಾವಾಸ್ಕ್ರಿಪ್ಟ್ ಎಂಬ ಇನ್ನೊಂದು ಭಾಷೆಯ ಉಗ್ರಾಣದಲ್ಲಿ 2016ರ ಮಾರ್ಚಿನಲ್ಲಿ ಒಬ್ಬಾತ ಮುನಿಸಿಕೊಂಡು ತಾನು ಬರೆದಿದ್ದನ್ನೆಲ್ಲ ವಾಪಸ್ ತೆಗೆದುಕೊಂಡು ಹೋದನಂತೆ. ಅದರಲ್ಲಿ ಲೆಫ್ಟ್‌ಪ್ಯಾಡ್ ಎಂಬುದು ಹನ್ನೊಂದು ಸಾಲಿನದು, ಅಕ್ಷರಗಳ ಎಡಕ್ಕೆ ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸ. ಅಷ್ಟಕ್ಕೇ ಜಗತ್ತಿನಾದ್ಯಂತ ದೊಡ್ಡ ದೊಡ್ಡ ಕಂಪನಿಗಳ ಕೆಲಸ ನಿಂತಿತು. ಉಗ್ರಾಣದವರೇ ಅದನ್ನು ಮತ್ತೆ ತಂದಿಟ್ಟರು.

ಅವನು ಹೇಳಿದ ಇನ್ನೊಂದು, ಎಕ್ಸ್‌ಝಡ್ ಎಂಬುದರ ಪ್ರಸಂಗ, ಇಷ್ಟು ಹಗುರವಾದದ್ದಲ್ಲ. ಕಡತಗಳನ್ನು ಹಿಂಡಿ ಚಿಕ್ಕದು ಮಾಡುವ ಈ ಸಾಧನವನ್ನು ಲಾಸೆ ಕೊಲಿನ್ ಎಂಬಾತ ವರ್ಷಗಳ ಕಾಲ ಬಹುಪಾಲು ಒಬ್ಬನೇ ನೋಡಿಕೊಂಡಿದ್ದ. ದಣಿದಿದ್ದ. ‘ಯಾಕೆ ತಡ, ಯಾಕೆ ತಡ’ ಎಂದು ಪೀಡಿಸುವವರು ಹೆಚ್ಚಾದರು. ಆ ದಿನಗಳಲ್ಲೇ ಜಿಯಾ ತಾನ್ ಎಂಬ ಹೆಸರಿನಲ್ಲಿ ಒಬ್ಬ ಸಹಾಯಕ್ಕೆ ಬಂದು, ವಿನಯದಿಂದ ವರ್ಷಗಟ್ಟಲೆ ದುಡಿದು, ಬೀಗದ ಕೈ ಸಂಪಾದಿಸಿ, ಕೊನೆಗೆ ಹಿತ್ತಿಲ ಬಾಗಿಲೊಂದನ್ನು ಇಟ್ಟುಬಿಟ್ಟ. 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ತನ್ನ ಯಂತ್ರಕ್ಕೆ ದೂರದಿಂದ ಲಾಗಿನ್ ಆಗುವಾಗ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ತಲೆ ಕೆರೆದುಕೊಂಡ; ಬೆನ್ನು ಹತ್ತಿದ; ಗುಟ್ಟು ರಟ್ಟಾಯಿತು. ಅರ್ಧ ಸೆಕೆಂಡು! ನಮ್ಮ ಕಡೆ ರೈಲು ಅರ್ಧ ಗಂಟೆ ತಡವಾದರೆ ಸರಿಯಾದ ಸಮಯಕ್ಕೆ ಬಂತು ಎನ್ನುತ್ತೇವೆ. ಇದನ್ನು ಕೇಳಿದ ನನ್ನ ಹೆಂಡತಿ, ‘ಪುಕ್ಕಟೆ ಸಹಾಯ ಮಾಡ್ತೀನಿ ಅಂತ ಬರೋರನ್ನ ನಂಬಬಾರದು ಕಣೋ’ ಎಂದಳು. ‘ನಾನೂ ಪುಕ್ಕಟೆ ಮಾಡೋನೇ ಅತ್ತೆ’ ಎಂದು ಅವನು ಮೆಲ್ಲಗೆ ನೆನಪಿಸಿದ. ಅವಳು ಒಗ್ಗರಣೆ ನೋಡಲು ಎದ್ದುಹೋದಳು.

ಮಹಡಿಯಲ್ಲೇ ಕೂತು ಬೂಸ್ಟು ಹಿಡಿದೀಯ ಎಂದು ಒಂದು ಭಾನುವಾರ ಅವನನ್ನು ಬಸ್ಸು ಹತ್ತಿಸಿದೆ. ನಮ್ಮ ಕಡೆಯಿಂದ ಹೋದರೆ ಹಳೇಬೀಡು ಮೊದಲು ಸಿಗುತ್ತದೆ. ಹೊಯ್ಸಳೇಶ್ವರ ದೇವಾಲಯದ ಕೆಲಸ ಹಿಡಿದದ್ದು 1121ರ ಸುಮಾರಿಗೆ. ಗೋಡೆಯ ತುಂಬ ಆನೆ, ಸಿಂಹ, ಕುದುರೆ, ಬಳ್ಳಿ, ರಾಮಾಯಣ, ಭಾರತ. ನೋಡುತ್ತ ಹೋದರೆ ಕುತ್ತಿಗೆ ನೋಯುತ್ತದೆ. ತಲೆಯೆತ್ತಿದರೆ ಮೇಲೆ ಶಿಖರವಿಲ್ಲ. ಹುಡುಗ ಸುತ್ತು ಹಾಕಿ ಬಂದು, ‘ಇದು ಸೊನ್ನೆ ಪಾಯಿಂಟ್ ಒಂಬತ್ತು ಮಾವ’ ಎಂದ. ಅವರ ಲೋಕದಲ್ಲಿ ‘ಇನ್ನೂ ಪೂರ್ತಿಯಾಗಿಲ್ಲ, ಕ್ಷಮಿಸಿ’ ಎನ್ನಲು ಆವೃತ್ತಿಯ ಸಂಖ್ಯೆಯನ್ನು ಸೊನ್ನೆಯಿಂದ ಶುರು ಮಾಡುತ್ತಾರಂತೆ. ಜಗತ್ತು ಆತುಕೊಂಡಿರುವ ಎಷ್ಟೋ ಸಾಫ್ಟ್‌ವೇರು ಇನ್ನೂ ಸೊನ್ನೆಯಲ್ಲೇ ಇವೆಯಂತೆ.

ಬೇಲೂರಿನಲ್ಲಿ ಗೈಡ್ ಮಾಡಿಕೊಂಡೆವು. ಒಳ್ಳೆಯ ಮನುಷ್ಯ. 1117, ವಿಷ್ಣುವರ್ಧನ, ಶಾಂತಲೆ, ದರ್ಪಣಸುಂದರಿ ಎಂದು ಲಯಬದ್ಧವಾಗಿ ಹೇಳುತ್ತ ಹೋದ. ಮದನಿಕೆಯರ ಕೆಳಗೆ ಕೆತ್ತಿದವರ ಹೆಸರುಗಳಿವೆ: ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಹುಡುಗನ ಕಣ್ಣು ಅರಳಿತು. ತಮ್ಮಲ್ಲೂ ಯಾವ ಸಾಲನ್ನು ಯಾರು ಬರೆದರು, ಯಾವಾಗ ಬರೆದರು ಎಂದು ತೋರಿಸುವ ಗಿಟ್ ಬ್ಲೇಮ್ ಇದೆ ಎಂದ. ಬ್ಲೇಮ್ ಎಂದೇ ಹೆಸರಿಟ್ಟಿದ್ದಾರೆ ನೋಡಿ. ಪ್ರಶಂಸೆಗೆ ಯಾರೂ ಹುಡುಕುವುದಿಲ್ಲ ಎಂದು ಮೊದಲೇ ಗೊತ್ತಿತ್ತೇನೋ.

ಒಳಗೆ ನರಸಿಂಹ ಕಂಬ. ‘ಇದು ಹಿಂದೆ ತಿರುಗುತ್ತಿತ್ತು ಸಾರ್, ಈಗ ನಿಂತಿದೆ’ ಎಂದ ಗೈಡ್. ‘ಡೆಪ್ರಿಕೇಟೆಡ್’ ಎಂದು ಹುಡುಗ ಗೊಣಗಿದ; ಇದೆ, ಆದರೆ ಬಳಸಬೇಡಿ ಎಂದರ್ಥವಂತೆ. ಅಲ್ಲಿಂದ ಮುಂದೆ ಗೈಡಿಗೂ ಅವನಿಗೂ ಎಳೆದಾಟ ಶುರುವಾಯಿತು. ಗೈಡಿಗೆ ಸುಂದರಿಯರನ್ನು ತೋರಿಸುವ ಆಸೆ, ಇವನಿಗೆ ರಿಪೇರಿಯ ಜಾಗ ನೋಡುವ ಆಸೆ. ಕೇಳುತ್ತ ಹೋದಂತೆ ಒಂದೊಂದೇ ಹೊರಬಂತು. ನವರಂಗ ಮೊದಲು ತೆರೆದೇ ಇತ್ತಂತೆ. ಸುತ್ತಲಿನ ಜಾಲಂಧ್ರ, ಬಾಗಿಲು ಇವೆಲ್ಲ ಇಮ್ಮಡಿ ಬಲ್ಲಾಳನ ಕಾಲದ ಸೇರ್ಪಡೆ. ವಿಜಯನಗರದ ಇಮ್ಮಡಿ ಹರಿಹರನ ಕಾಲದಲ್ಲಿ, 1381ರಲ್ಲಿ, ಕಂಪಣ್ಣ ಎಂಬ ಅಧಿಕಾರಿ ಒಳಗೆ ನಾಲ್ಕು ಕಂಬ ಆಸರೆ ಕೊಡಿಸಿದ. ದಾಳಿಯಲ್ಲಿ ಸುಟ್ಟುಹೋಗಿದ್ದ ಮಹಾದ್ವಾರವನ್ನು 1397ರಲ್ಲಿ ಗುಂಡ ಎಂಬ ದಂಡನಾಯಕ ಮತ್ತೆ ಕಟ್ಟಿಸಿದ. ಇಟ್ಟಿಗೆ, ಗಾರೆ, ಮರದ ಶಿಖರದ ಭಾರ ತಾಳದೆ ಗುಡಿಯೇ ಕುಸಿದೀತೆಂದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಶಿಖರವನ್ನೇ ಬಿಚ್ಚಿಳಿಸಿದರು.

ಹುಡುಗ ಬಹಳ ಹೊತ್ತು ನಿಂತದ್ದು ಆ ನಾಲ್ಕು ಕಂಬಗಳ ಹತ್ತಿರ. ಹೊಯ್ಸಳರ ಕಂಬಗಳು ಕಡೆದ ಬಳಪದ ಕಲ್ಲು, ಮುಖ ಕಾಣುವಷ್ಟು ನುಣುಪು. ಇವು ಸಾದಾ ಕಣಶಿಲೆ. ಫೋಟೊ ತೆಗೆಯುವವರೆಲ್ಲ ಇವನ್ನು ಪಕ್ಕಕ್ಕೆ ಬಿಟ್ಟು ನಿಲ್ಲುತ್ತಾರೆ. ಆದರೆ ಕಂಪಣ್ಣನ ಹೆಸರೂ, ಗುಂಡನ ಹೆಸರೂ ಶಾಸನಗಳಲ್ಲಿ ಉಳಿದಿವೆ. ಕಟ್ಟಿದವನ ಹೆಸರು ಬರೆದಷ್ಟೇ ನಿಷ್ಠೆಯಿಂದ ತೇಪೆ ಹಾಕಿದವನ ಹೆಸರನ್ನೂ ಬರೆದಿದ್ದಾರೆ. ನಮ್ಮ ಪಠ್ಯಪುಸ್ತಕಗಳು ಮಾತ್ರ ವಿಷ್ಣುವರ್ಧನನಿಗೇ ನಿಂತುಬಿಟ್ಟವು. 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1117ರ ಬೇಲೂರಲ್ಲ, ಇಷ್ಟೆಲ್ಲ ರಿಪೇರಿ ತಿಂದು ಇಂದಿಗೂ ನಿತ್ಯಪೂಜೆ ನಡೆಸಿಕೊಂಡು ನಿಂತಿರುವ ಬೇಲೂರು ಎಂಬುದು ನನ್ನ ವಾದ. ಗೈಡ್ ಒಪ್ಪಲಿಲ್ಲ, ಕೊಟ್ಟದ್ದು ಸಾಲದು ಎಂದೂ ಹೇಳಿದ.

ಇಷ್ಟರ ನಡುವೆ ಹುಡುಗನಿಗೆ ಹೆಣ್ಣು ನೋಡುವುದು ಶುರುವಾಗಿದೆ. ತಿಪಟೂರಿನ ಕಡೆಯ ಕೊಬ್ಬರಿ ವ್ಯಾಪಾರಿಯೊಬ್ಬರು ಮನೆಗೆ ಬಂದಿದ್ದರು. ಕಂಪನಿ, ಸಂಬಳ ಎಲ್ಲ ಸರಿ ಕಂಡಿತು. ‘ಸಂಜೆ ಹೊತ್ತು ಹುಡುಗ ಏನು ಮಾಡ್ತಾರೆ?’ ಎಂದರು, ಕುಡಿತ, ಇಸ್ಪೀಟು ಇಲ್ಲ ತಾನೆ ಎಂಬ ಅರ್ಥದಲ್ಲಿ. ನಾನು ಉತ್ಸಾಹದಿಂದ ಪಿಪ್ ವಿವರಿಸಿದೆ. ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಕೇಳಿದರು:

‘ಅದರಲ್ಲಿ ಏನು ಹುಟ್ಟುತ್ತೆ ಯಜಮಾನ್ರೇ?’

‘ಏನೂ ಹುಟ್ಟಲ್ಲ, ಇರೋದು ಕೆಡದೇ ಇರುತ್ತೆ’ ಎಂದೆ.

ಅವರು ಇನ್ನೂ ಉತ್ತರ ತಿಳಿಸಿಲ್ಲ. ಕಾಲ ಬದಲಾಗುತ್ತಿದೆ ಎಂದು ಹೇಳಲು ನನ್ನ ಬಳಿ ಪುರಾವೆ ಇತ್ತು: ಬೆಂಗಳೂರಿನ ಜೆರೋಧಾ ಕಂಪನಿಯವರು 2024ರಲ್ಲಿ ಇಂಥ ಮುಕ್ತ ತಂತ್ರಾಂಶದ ಯೋಜನೆಗಳಿಗೆಂದೇ ವರ್ಷಕ್ಕೆ ಹತ್ತು ಲಕ್ಷ ಡಾಲರ್‌ವರೆಗೆ ಕೊಡುವ ನಿಧಿ ಘೋಷಿಸಿದ್ದಾರೆ. ಆದರೆ ಹುಡುಗ ನನ್ನ ತೊಡೆ ಚಿವುಟಿದ. ಅದರಲ್ಲಿ ತನಗೆ ಬರುವುದು ಏನೂ ಇಲ್ಲ, ಹೇಳಿಬಿಟ್ಟರೆ ವರದಕ್ಷಿಣೆಯ ಲೆಕ್ಕದಂತೆ ಕೇಳೀತು ಎಂದು ಅವನ ಭಯ.

ಹೆಣ್ಣು ಯಾವ ಊರಿನದಾದರೂ ಆಗಲಿ, ಲಗ್ನದ ವಿಷಯದಲ್ಲಿ ಬಂಧುಗಳಲ್ಲಿ ನನ್ನದೊಂದು ವಿನಂತಿಯಿದೆ. ಪಿಪ್‌ನ ಹೊಸ ಆವೃತ್ತಿ ವರ್ಷಕ್ಕೆ ನಾಲ್ಕು ಸಲ ಬರುತ್ತದೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್. ಬಿಡುಗಡೆಯಾದ ವಾರ ದೂರುಗಳ ಸುಗ್ಗಿ. ತಾಳಿ ಕಟ್ಟುವಾಗಲೂ ಹುಡುಗನ ಕೈ ಫೋನಿನ ಕಡೆ ಹೋದೀತು. ಜನವರಿಯ ಮೊದಲ ಅರ್ಧ ಧನುರ್ಮಾಸ, ಹೇಗೂ ಲಗ್ನವಿಲ್ಲ. ಜುಲೈಯಲ್ಲಿ ಆಷಾಢ. ಅಕ್ಟೋಬರಿನಲ್ಲಿ ಕೆಲವು ವರ್ಷ ಪಿತೃಪಕ್ಷ ಇಣುಕುತ್ತದೆ, ಇಲ್ಲದಿದ್ದರೆ ದಸರಾ ಗಡಿಬಿಡಿ. ತೊಡಕಾಗಿ ಉಳಿಯುವುದು ಏಪ್ರಿಲ್ ಒಂದೇ. ದಯವಿಟ್ಟು ಮೇ ತಿಂಗಳಲ್ಲಿ ಮುಹೂರ್ತ ಇಟ್ಟುಕೊಳ್ಳಿ.