ಇಂಚಿಗೊಂದು ಮೈಲಿ

ಹಳೆಯ ನಕ್ಷೆ ಬಿಚ್ಚುವುದು ಸುಲಭ, ಮಡಚುವುದು ಕಷ್ಟ. ಮೊದಲಿದ್ದ ಮಡಿಕೆಯಲ್ಲೇ ಮಡಚುತ್ತೇನೆಂದು ಹಟ ಹಿಡಿದರಂತೂ ಅರ್ಧ ಬೆಳಗು ಹೋಯಿತು. ಹಾಗಾಗಿ ಸಂಡೂರಿನ ಹಳೆಯ ಸರ್ವೆ ನಕ್ಷೆ ಮಂಚದ ಮೇಲೇ ಬಿದ್ದುಕೊಂಡಿದೆ. ಮಲಗುವವರು ಬೇರೆ ಜಾಗ ನೋಡಿಕೊಳ್ಳಬೇಕು.

ಕಾಡಿಗೆ ಹಸಿರು, ನೀರಿಗೆ ನೀಲಿ, ಬೆಟ್ಟ ಐವತ್ತು ಅಡಿ ಏರಿದಾಗೊಂದು ಕಂದು ಗೆರೆ. ನಾರಿಹಳ್ಳ ಬೆಟ್ಟ ಸೀಳಿಕೊಂಡು ಹರಿಯುವ ಓಬಳಗಂಡಿ, ಭೀಮಗಂಡಿಗಳ ಹತ್ತಿರ ಈ ಗೆರೆಗಳು ಜಾತ್ರೆ ಬಸ್ಸಿನ ಜನರಂತೆ ಒತ್ತಿಕೊಂಡು ನಿಂತಿವೆ. ಸರ್ವೆಯವರ ಶ್ರದ್ಧೆಯೋ, ಹೇಳತೀರದು! ಗುಡಿಗೊಂದು ಗುರುತು, ಗೋರಿಗೊಂದು, ಬಾವಿಗೊಂದು. ತಾಳೆ ಬೇರೆ, ಬಿದಿರು ಬೇರೆ. ಬಳ್ಳಾರಿ ದಂಡಿನ ಬಿಸಿಲು ತಾಳದ ಬಿಳಿ ಸೋಲ್ಜರುಗಳು ಮೈ ಸುಧಾರಿಸಿಕೊಳ್ಳಲು ಹತ್ತುತ್ತಿದ್ದ ರಾಮಗಡವೂ ಇಲ್ಲೇ ಇದೆ.

ಘೋರ್ಪಡೆಯವರ ಈ ಪುಟ್ಟ ಸಂಸ್ಥಾನದ ಸುತ್ತ ಮದರಾಸು ಪ್ರಾಂತ್ಯ. 1949ರಲ್ಲಿ ಸಂಸ್ಥಾನ ಅದರಲ್ಲಿ ಸೇರಿತು, 1953ರಲ್ಲಿ ಬಳ್ಳಾರಿಯ ಜೊತೆ ಮೈಸೂರಿಗೆ ಬಂತು. ರಾಜ್ಯಗಳ ಗೆರೆ ಅಳಿಸಿ ಬರೆಯುವುದು ನಕ್ಷೆಯವರಿಗೆ ಅಭ್ಯಾಸವೇ. ಬೆಟ್ಟದ ಗೆರೆಯನ್ನೂ ಅಳಿಸಬೇಕಾದೀತೆಂದು ಅವರಿಗೆ ಹೊಳೆದಿರಲಾರದು.

ಕೋಲಾರದಲ್ಲಿ ಚಿನ್ನಕ್ಕಾಗಿ ಮೂರು ಕಿಲೋಮೀಟರಿಗೂ ಆಳ ಇಳಿದರು. ಮೇಲೆ ಸೈನೈಡ್ ದಿಬ್ಬಗಳೆದ್ದು ನಕ್ಷೆಗೆ ಒಂದೆರಡು ಗೆರೆ ಹೆಚ್ಚೇ ಆದವು! ಸಂಡೂರಿನ ಕಬ್ಬಿಣದ ಅದಿರು ಬೆಟ್ಟದ ನೆತ್ತಿಯಲ್ಲೇ ಕೂತಿದೆ. ಹೀಗಾಗಿ ಅಗೆದಲ್ಲೆಲ್ಲ ಮೇಲಿನ ಗೆರೆಯೇ ಮೊದಲು ಲಾರಿ ಹತ್ತಿತು. ಆಂಧ್ರದ ಗಡಿಯ ಕಡೆಯಂತೂ ಗಡಿಕಲ್ಲುಗಳಿಗೇ ಕಾಲು ಬಂದವು. ಅಲ್ಲಿದ್ದ ಸುಗ್ಗಲಮ್ಮನ ಗುಡಿಯನ್ನು 2006ರಲ್ಲಿ ಸ್ಫೋಟಿಸಿ ಕೆಡವಿದರು. ದೇವಿಯೂ ಗಡಿಯ ಗುರುತಾಗಿದ್ದುದೇ ತಪ್ಪಾಯಿತೇನೋ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಗಡಿ ಯಾವುದೆಂದು ತಿಳಿಯಲು ಹಳೆಯ ನಕ್ಷೆಗಳನ್ನೇ ಹುಡುಕಬೇಕಾಯಿತು. ಧೂಳು ತಿನ್ನುತ್ತಿದ್ದ ಕಾಗದಕ್ಕೆ ಏಕಾಏಕಿ ಸಾಕ್ಷಿಯ ಗತ್ತು.

ಹೊಸ ನಕ್ಷೆಯನ್ನೂ ತರಿಸಿ ಪಕ್ಕದಲ್ಲಿಟ್ಟು ನೋಡಿದೆ. ಹಳೆಯದರಲ್ಲಿ ಎತ್ತರ ಅಡಿಗಳಲ್ಲಿ, ಹೊಸದರಲ್ಲಿ ಮೀಟರುಗಳಲ್ಲಿ. ಮೀಟರಿಗೆ ಬಂದಾಗ ಅಂಕಿ ಇಳಿಯುವುದು ಸಹಜ ತಾನೆ, ಯಾರೂ ಹುಬ್ಬೇರಿಸುವುದಿಲ್ಲ. ಬೆಟ್ಟ ಅಗೆಯುವವರಿಗೆ ಇದಕ್ಕಿಂತ ಅನುಕೂಲದ ಲೆಕ್ಕಪದ್ಧತಿ ಬೇರೆ ಸಿಕ್ಕೀತೇ?