ತಿರುಗಿ ಹೇಳಿ ನೋಡೋಣ

ಎದುರುಮನೆ ರಾಯರು ಮೊನ್ನೆ ಕಾಂಪೌಂಡ್ ಹತ್ತಿರ ನಿಂತು ಒಂದೇ ಸಮ ಗೊಣಗುತ್ತಿದ್ದರು. ರಾತ್ರಿ ದೆಹಲಿಗೆ ಹೊರಟಿದ್ದ ಅವರ ವಿಮಾನ ರನ್‌ವೇ ಬಾಯಿಗೆ ಬಂದು ಸುಮ್ಮನೆ ನಿಂತಿತಂತೆ. ಮುಂದಿದ್ದ ದುಬೈನ ಎರಡಂತಸ್ತಿನ ವಿಮಾನ ಏರಿ ಹೋದಮೇಲೂ ಕದಲಲಿಲ್ಲವಂತೆ. "ದಾರಿ ಖಾಲಿ ಇದೆ, ಟವರ್‌ನಲ್ಲಿ ಇನ್ನೇನು ನೋಡ್ತಾ ಕೂತಿದ್ರೋ!"

ನಮ್ಮ ಪಕ್ಕದ ಮನೆ ಹುಡುಗಿ ದೇವನಹಳ್ಳಿಯ ಟವರ್‌ನಲ್ಲೇ ಕಂಟ್ರೋಲರ್. ಗೋಡೆಯಾಚೆಯಿಂದಲೇ ಬಿಡಿಸಿ ಹೇಳಿದಳು. "ಅಂಕಲ್, ಅದು ಎ380. ಏರುವಾಗ ಅದರ ರೆಕ್ಕೆ ತುದಿಗಳಿಂದ ಸುಳಿಗಾಳಿ ಏಳುತ್ತೆ, ಕಣ್ಣಿಗೆ ಕಾಣಲ್ಲ. ನಿಮ್ಮದು ಎ320. ಆ ಸುಳಿಗೆ ಸಿಕ್ಕಿದ್ರೆ ಒಂದು ಪಕ್ಕಕ್ಕೆ ವಾಲಿಬಿಡಬಹುದು. ಅದಕ್ಕೇ ಮೂರು ನಿಮಿಷ ತಡೀತೀವಿ." ರಾಯರು ತೆಪ್ಪಗಾದರು.

ಅವರು ಒಳಗೆ ಹೋದಮೇಲೆ ನಾನು ಬಿಡಲಿಲ್ಲ. ಮೈಕ್ ಮುಂದೆ ಕೂತು ಅಷ್ಟು ಜನರಿಗೆ ಆರ್ಡರ್ ಮಾಡೋಕೆ ಭಯ ಆಗಲ್ವೇನೇ ಅಂದೆ. "ಹೇಳೋದು ಕಷ್ಟ ಅಲ್ಲ ಆಂಟಿ, ಕೇಳಿಸ್ಕೊಳ್ಳೋದು ಕಷ್ಟ" ಅಂದಳು. ಅವತ್ತಿನಿಂದ ನನಗೆ ಅದೇ ಧ್ಯಾನ.

ಟವರ್‌ನವರು ಹೇಳಿದ್ದನ್ನು ಪೈಲಟ್ ತಿರುಗಿ ಒಪ್ಪಿಸಬೇಕು. ಇದಕ್ಕೆ ರೀಡ್‌ಬ್ಯಾಕ್ ಅಂತಾರೆ. ಯಾವ ರನ್‌ವೇ, ಎಷ್ಟು ಅಡಿ ಎತ್ತರ, ಯಾವ ದಿಕ್ಕು, ಎಲ್ಲವನ್ನೂ. ಬರೀ "ರೋಜರ್" ಅಂದರೆ ನಡೆಯುವುದಿಲ್ಲ. ಹಳೇ ಹೋಟೆಲಿನ ಸಪ್ಲೈಯರ್ "ಎರಡು ಸೆಟ್ ದೋಸೆ, ಒಂದು ವಡೆ, ಒಂದು ಬೈಟೂ ಕಾಫಿ" ಅಂತ ನಮ್ಮೆದುರೇ ಒಪ್ಪಿಸಿ ಆಮೇಲೆ ಅಡುಗೆಮನೆ ಕಡೆ ತಿರುಗುತ್ತಿದ್ದನಲ್ಲ, ಹಾಗೆ. ಅಪಾಯ ಇರುವುದು ಇಲ್ಲೇ. ಪೈಲಟ್ ಒಂದು ಅಂಕಿ ತಪ್ಪಿ, ಆದರೆ ಬಲು ಧೈರ್ಯವಾಗಿ ಒಪ್ಪಿಸುತ್ತಾನೆ. ಕಂಟ್ರೋಲರ್ ಮನಸ್ಸು ಆಗಲೇ ಮುಂದಿನ ವಿಮಾನದ ಮೇಲಿರುತ್ತದೆ. ತಾನು ಹೇಳಿದ್ದನ್ನೇ ಅವನೂ ಹೇಳಿದ ಅಂತ ಕಿವಿ ನಂಬಿಬಿಡುತ್ತದೆ. ಹಾಗೆ ನಂಬದ ಕಿವಿಯನ್ನು ಪಳಗಿಸಿಕೊಳ್ಳುವುದೇ ಈ ಉದ್ಯೋಗ. ಅಂಕಿಗಳು ಒಂದಕ್ಕೊಂದು ಕಲಸಿಹೋಗದಿರಲಿ ಅಂತಲೇ ರೇಡಿಯೋದಲ್ಲಿ ಮೂರಕ್ಕೆ "ಟ್ರೀ", ಒಂಬತ್ತಕ್ಕೆ "ನೈನರ್" ಅನ್ನುವ ಪದ್ಧತಿ.

1977ರ ಮಾರ್ಚ್ 27ರಂದು ಟೆನೆರಿಫೆ ದ್ವೀಪದಲ್ಲಿ ಆದದ್ದನ್ನು ಅವಳೇ ಹೇಳಿದಳು. ಮಂಜು ಕವಿದಿತ್ತು. ಕೆಎಲ್ಎಂನ ಜಂಬೋ ಹೊರಡುವ ಆತುರದಲ್ಲಿತ್ತು, ಪ್ಯಾನ್ ಆ್ಯಮ್‌ನ ಜಂಬೋ ಇನ್ನೂ ಅದೇ ರನ್‌ವೇ ಮೇಲಿತ್ತು. ತಡಿ, ನಾನೇ ಕರೀತೀನಿ ಅಂತ ಟವರ್ ಹೇಳಿತು. ನಾವಿನ್ನೂ ರನ್‌ವೇ ಮೇಲಿದ್ದೀವಿ ಅಂತ ಪ್ಯಾನ್ ಆ್ಯಮ್‌ನವರೂ ಅದೇ ಗಳಿಗೆಯಲ್ಲಿ ಹೇಳಿದರು. ಎರಡು ಮಾತೂ ಒಂದರ ಮೇಲೊಂದು ಬಿದ್ದು ಕೆಎಲ್ಎಂನ ಕಾಕ್‌ಪಿಟ್‌ನಲ್ಲಿ ಕೀರಲು ಸದ್ದಾಗಿ ಕೇಳಿಸಿತು. 583 ಜನ ಹೋದರು. ಈಗ "ಟೇಕಾಫ್" ಅನ್ನುವ ಮಾತನ್ನು ಹೊರಡಲು ಅನುಮತಿ ಕೊಡುವಾಗ, ಇಲ್ಲವೇ ಕೊಟ್ಟದ್ದನ್ನು ರದ್ದು ಮಾಡುವಾಗ ಬಿಟ್ಟು ಬಾಯಿಗೇ ತರುವ ಹಾಗಿಲ್ಲ, ಮಿಕ್ಕಾಗ "ಡಿಪಾರ್ಚರ್".

ಸರಿಯಾಗಿ ಒಪ್ಪಿಸಿದರೂ ಸಾಲದು ಅನ್ನುವುದಕ್ಕೆ ನಮ್ಮ ದೇಶದಲ್ಲೇ ಉದಾಹರಣೆ ಇದೆ. 1996ರ ನವೆಂಬರ್ 12, ಹರಿಯಾಣದ ಚರ್ಖಿ ದಾದ್ರಿ. ದೆಹಲಿಗೆ ಇಳಿಯುತ್ತಿದ್ದ ಕಜಕಿಸ್ತಾನದ ವಿಮಾನಕ್ಕೆ 15,000 ಅಡಿ, ದೆಹಲಿಯಿಂದ ಏರುತ್ತಿದ್ದ ಸೌದಿ ವಿಮಾನಕ್ಕೆ 14,000 ಅಡಿ ಅಂತ ಕಂಟ್ರೋಲರ್ ಗೊತ್ತು ಮಾಡಿದ್ದರು. ಕಜಕ್ ವಿಮಾನ ತನ್ನ ಎತ್ತರ ಬಿಟ್ಟು ಕೆಳಗಿಳಿಯಿತು. ಆಗಿನ ದೆಹಲಿಯ ರಾಡಾರ್‌ನಲ್ಲಿ ಎತ್ತರ ಕಾಣುತ್ತಿರಲಿಲ್ಲ. 349 ಜನ ಸತ್ತರು, ಒಬ್ಬರೂ ಉಳಿಯಲಿಲ್ಲ. ತಪ್ಪು ಕಂಟ್ರೋಲರ್‌ದಲ್ಲ ಅಂತ ತನಿಖೆಯಲ್ಲಿ ತೀರ್ಮಾನವಾಯಿತು. ಆದರೂ ಆ ಮನುಷ್ಯ ಅವತ್ತು ರಾತ್ರಿ ಮನೆಗೆ ಹೇಗೆ ಹೋಗಿರಬಹುದು ಅಂತ ಯೋಚಿಸಿದರೆ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇವಳ ಕೆಲಸದಲ್ಲಿ ನನಗೆ ತುಂಬಾ ಹಿಡಿಸಿದ್ದು ಕುರ್ಚಿ ಬದಲಾಯಿಸುವ ರೀತಿ. ಮುಂದಿನ ಪಾಳಿಯವರು ಬಂದವರೇ ಕೂರುವುದಿಲ್ಲ. ಹೆಡ್‌ಸೆಟ್ ಹಾಕಿಕೊಂಡು ಹಿಂದೆ ನಿಂತು ಕೇಳುತ್ತಾರೆ. ಯಾವ ವಿಮಾನ ಎಲ್ಲಿದೆ, ಯಾರಿಗೆ ಏನು ಹೇಳಿ ಆಗಿದೆ, ರನ್‌ವೇ ಮೇಲೆ ತಪಾಸಣೆಯ ಜೀಪ್ ಏನಾದರೂ ಇದೆಯಾ, ಪೂರಾ ಚಿತ್ರ ತಲೆಗೆ ಬಂದಮೇಲೆ "ಸರಿ, ನಾನು ತಗೊಂಡೆ" ಅನ್ನುತ್ತಾರೆ. ಎದ್ದವರೂ ತಕ್ಷಣ ಹೊರಡುವುದಿಲ್ಲ, ಸ್ವಲ್ಪ ಹೊತ್ತು ಪಕ್ಕದಲ್ಲೇ ಇರುತ್ತಾರೆ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಪಾಳಿ ಬದಲಾಗುವಾಗ ಇಷ್ಟು ಎಚ್ಚರ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನಮ್ಮ ಬೀದಿಯಲ್ಲಿ ಕೆಲವರು ಆ ಹುಡುಗಿ ಮಟಮಟ ಮಧ್ಯಾಹ್ನ ಮಲಗಿರುತ್ತಾಳೆ ಅಂತ ಆಡಿಕೊಳ್ಳುತ್ತಾರೆ. ನನಗೆ ಕೋಪ ಬರುತ್ತದೆ. ರಾತ್ರಿಯೆಲ್ಲ ಒಂದೊಂದು ಅಂಕಿಗೂ ಕಿವಿ ಕೊಟ್ಟು ಕೂತವಳಿಗೆ ಹಗಲಿನ ನಿದ್ದೆ ಸುಖವಲ್ಲ, ಅದೂ ಡ್ಯೂಟಿಯ ಭಾಗವೇ. ನಿದ್ದೆಗೆಟ್ಟ ಕಂಟ್ರೋಲರ್ ಕೈಗೆ ರಾಯರ ವಿಮಾನ ಬರುವುದು ಬೇಡ. ತರಕಾರಿ ಗಾಡಿಯವನಿಗೆ ನಾನೇ ಹೇಳಿದ್ದೀನಿ, ಆ ಮನೆ ದಾಟೋವರೆಗೂ ಸ್ಪೀಕರ್ ನಿಲ್ಲಿಸಪ್ಪ ಅಂತ. ನೀವೂ ಮೂರನೇ ಮಹಡಿ ಕಟ್ಟಿಸ್ತಾ ಇದ್ದೀರಲ್ಲ, ಡ್ರಿಲ್ಲಿಂಗ್ ಶುರು ಮಾಡೋಕೆ ಮುಂಚೆ ಅವರ ಅಮ್ಮನನ್ನು ಒಂದು ಮಾತು ಕೇಳಿ, ಇವತ್ತು ಯಾವ ಪಾಳಿ ಅಂತ.