ಪಿಕಪ್ಪಿನ ಮುಂಗಾಲಿನ ಸದ್ದು: ಸ್ವರೂಪ, ನೆಲೆ ಮತ್ತು ತಾತ್ವಿಕತೆ

ಪ್ರಸ್ತುತ ಪ್ರಬಂಧವು ಲಘು ಸರಕು ವಾಹನದ, ಅಂದರೆ ಮೌಖಿಕ ಪರಂಪರೆಯಲ್ಲಿ ‘ಪಿಕಪ್ಪು’ ಎಂದು ಸಂಬೋಧಿಸಲ್ಪಡುವ ಗಾಡಿಯ, ಪೂರ್ವಾಂಗ ತೂಗುವ್ಯವಸ್ಥೆಯಲ್ಲಿ ಸಂಭವಿಸುವ ಧ್ವನಿಗಳನ್ನು ಬಹುಶಿಸ್ತೀಯ ನೆಲೆಯಲ್ಲಿ ಮುಖಾಮುಖಿಯಾಗಿಸುವ ಒಂದು ವಿನಮ್ರ ಪ್ರಯತ್ನವಾಗಿರುತ್ತದೆ. ಈ ಕ್ಷೇತ್ರದಲ್ಲಿ ಗಂಭೀರ ಅಧ್ಯಯನಗಳ ಕೊರತೆ ಎದ್ದು ಕಾಣುತ್ತದೆ ಎಂದು ಪ್ರತಿಯೊಬ್ಬ ಸಂಶೋಧಕನೂ ಮೊದಲ ಪುಟದಲ್ಲೇ ಬರೆಯಬೇಕೆಂಬ ಸಂಪ್ರದಾಯವಿರುವುದರಿಂದ ಇಲ್ಲಿಯೂ ಬರೆಯಲಾಗಿದೆ. ಸಂಶೋಧಕನು ಯಾವ ಕಾರಣಕ್ಕೂ ಗಾಡಿಯ ಕೆಳಗೆ ಇಳಿಯತಕ್ಕದ್ದಲ್ಲ ಎಂಬ ವಿಧಾನಶಾಸ್ತ್ರೀಯ ಶಿಸ್ತನ್ನು ಆದಷ್ಟೂ ಪಾಲಿಸಲಾಗಿದೆ.

ಅಧ್ಯಯನದ ವ್ಯಾಪ್ತಿಯನ್ನು ಕೋಲಾರದ ಎಪಿಎಂಸಿಗೆ ಟೊಮೆಟೊ ಹೊತ್ತು ಬರುವ ಗಾಡಿಗಳಿಗೆ ಸೀಮಿತಗೊಳಿಸಲಾಗಿದೆ. ಅಲ್ಲಿ ಒಂದು ಕ್ರೇಟಿಗೆ 15 ಕಿಲೋ ಹಣ್ಣು. ಒಂದೂವರೆ ಟನ್ ಹೊರುವ ಗಾಡಿಗೆ 100 ಕ್ರೇಟು ಎಂಬುದು ಶಿಷ್ಟ ಪಠ್ಯ, ಅಂದರೆ ಆರ್‌ಸಿ ಕಾರ್ಡು. ಮಂಡಿಯ ಜಾನಪದ ಪಠ್ಯ ಬೇರೆಯೇ ಇದೆ. ಇವೆರಡರ ನಡುವಿನ ಅಂತರವನ್ನು ಸಂಸ್ಕೃತಿ ಚಿಂತಕರು ‘ಬಿರುಕು’ ಎನ್ನುತ್ತಾರೆ. ಕಮಾನ್ ಪ್ಲೇಟಿನಲ್ಲಿ ಅದು ಬರಿಗಣ್ಣಿಗೇ ಕಾಣುತ್ತದೆ.

ತಾತ್ವಿಕವಾಗಿ ಪಿಕಪ್ಪುಗಳಲ್ಲಿ ಎರಡು ದರ್ಶನಗಳಿವೆ. ಎರಡೂ ಮುಂಚಕ್ರಗಳು ಒಂದೇ ಇಡೀ ಆಕ್ಸಲ್ಲಿಗೆ ಸೇರಿ, ಆ ಆಕ್ಸಲ್ಲು ಕಮಾನ್ ಪ್ಲೇಟುಗಳಿಗೆ ಯು-ಬೋಲ್ಟಿನಿಂದ ಬಿಗಿದಿರುವುದು ಅದ್ವೈತ: ಎಡಗಾಲು ಗುಂಡಿಗೆ ಬಿದ್ದರೆ ಬಲಗಾಲೂ ನರಳುತ್ತದೆ. ಎರಡು ಚಕ್ರಕ್ಕೂ ಬೇರೆ ಬೇರೆ ಆರ್ಮು, ಬಾಲ್ ಜಾಯಿಂಟು, ಕಾಯಿಲ್ ಸ್ಪ್ರಿಂಗು ಇಲ್ಲವೇ ಟಾರ್ಷನ್ ಬಾರು ಇರುವುದು ದ್ವೈತ. ಅಲ್ಲಿ ತಾರತಮ್ಯವೂ ಇದೆ, ಬಿಡಿಭಾಗದ ಬೆಲೆಯಲ್ಲಿ ಅದು ತಿಳಿಯುತ್ತದೆ. ವಿಶಿಷ್ಟಾದ್ವೈತದ ಗಾಡಿ ಇನ್ನೂ ಬಂದಂತಿಲ್ಲ.

ಇನ್ನು ಶಬ್ದದ ಉತ್ಪತ್ತಿ. ಜೀವದ ಇಚ್ಛೆಗೆ ಅನುಕೂಲವಾದ ಗಾಳಿ ಸೇರಿ, ನಾಭಿಯ ಬುಡದಲ್ಲಿ, ಕಹಳೆಯ ರೀತಿಯಲ್ಲಿ ಶಬ್ದವೆಂಬ ದ್ರವ್ಯ ಹುಟ್ಟುತ್ತದೆ, ಅದರ ಬಣ್ಣ ಬಿಳಿ ಎಂದು 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಹೇಳುತ್ತಾನೆ. ಪಿಕಪ್ಪಿನ ನಾಭಿ ಯಾವುದು ಎಂಬಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ: ಕಮಾನಿನ ಸೆಂಟರ್ ಬೋಲ್ಟು ಎಂದು ಒಂದು ಪಂಥ, ಡೀಸೆಲ್ ಟ್ಯಾಂಕಿನ ಮುಚ್ಚಳ ಎಂದು ಇನ್ನೊಂದು. ಬಣ್ಣದ ವಿಚಾರದಲ್ಲಿ ಮಾತ್ರ ಗ್ಯಾರೇಜು ಪರಂಪರೆಗೆ ಸ್ಪಷ್ಟವಾದ ಭಿನ್ನಮತವಿದೆ. ಎಲ್ಲಿ ಎರಡು ಕಬ್ಬಿಣಗಳು ಬಿಗಿ ತಪ್ಪಿ ಒಂದನ್ನೊಂದು ತೀಡುತ್ತಿವೆಯೋ ಅಲ್ಲಿ ಕೆಂಪು ತುಕ್ಕಿನ ಪುಡಿ ಉದುರಿರುತ್ತದೆ, ಪಕ್ಕದಲ್ಲೇ ಹೊಳೆಯುವ ಒಂದು ಗೆರೆ. ಗ್ಯಾರೇಜಿನ ಹುಡುಗ ಟಾರ್ಚು ಹಿಡಿದು ಮೊದಲು ಹುಡುಕುವುದು ಅದನ್ನೇ. ಶಬ್ದಕ್ಕೆ ಬಣ್ಣವಿದೆ ಎಂದವನು ಏನೋ ಕಂಡೇ ಹೇಳಿದ್ದಾನೆ.

ಧ್ವನಿ ಸಿದ್ಧಾಂತದ ಆನಂದವರ್ಧನನನ್ನು ಕರೆಯದೆ ಕನ್ನಡದಲ್ಲಿ ಟಯರಿಗೆ ಗಾಳಿ ಕೂಡ ತುಂಬಲಾಗದು. ಹಾಗಾಗಿ ಧ್ವನಿಗಳನ್ನು ವಾಚ್ಯ, ಲಕ್ಷ್ಯ, ವ್ಯಂಗ್ಯ ಎಂದು ಮೂರಾಗಿ ವಿಂಗಡಿಸಿಕೊಳ್ಳೋಣ.

ವಾಚ್ಯಧ್ವನಿ ಎಂದರೆ ಎಲ್ಲಿ ಕೇಳಿಸುತ್ತದೋ ಅಲ್ಲಿಯೇ ಇರುವ ಸದ್ದು. ಹಂಪು ದಾಟುವಾಗ ಕಿರ್ ಕಿರ್ ಎಂದರೆ ಶ್ಯಾಕಲ್ ಬುಷ್ಷೋ ಆರ್ಮಿನ ರಬ್ಬರ್ ಬುಷ್ಷೋ ಒಣಗಿದೆ. ಒಂದೊಂದೇ ಬುಷ್ಷಿಗೆ ನೀರು ಹಾಕಿ ಗಾಡಿ ಕುಲುಕಿಸಿ. ಯಾವುದಕ್ಕೆ ಹಾಕಿದಾಗ ಸದ್ದು ಸ್ವಲ್ಪ ಹೊತ್ತು ಬಾಯಿ ಮುಚ್ಚುತ್ತದೋ ಅದೇ ಅಪರಾಧಿ. ಗ್ರೀಸ್ ನಿಪ್ಪಲ್ ಇರುವ ಲೋಹದ ಬುಷ್ಷಾದರೆ ಹಳೆಯ ಕಪ್ಪು ಗ್ರೀಸು ಹೊರಬರುವವರೆಗೆ ಗನ್ ಹೊಡೆಯಬೇಕು. ರಬ್ಬರ್ ಬುಷ್ಷಿಗೆ ಮಾತ್ರ ಎಂಜಿನ್ ಆಯಿಲ್ ಬಳಿಯಬಾರದು. ಆ ಹೊತ್ತಿಗೆ ಸದ್ದು ಹೋಗುತ್ತದೆ, ಆಮೇಲೆ ರಬ್ಬರು ಉಬ್ಬಿ ಮೆತ್ತಗಾಗಿ ಹರಿದು, ಕಿರ್ ಎನ್ನುತ್ತಿದ್ದದ್ದು ಧಡ್ ಎನ್ನಲು ಕಲಿಯುತ್ತದೆ.

ಲಕ್ಷ್ಯಧ್ವನಿಗೆ ಮುಖ್ಯಾರ್ಥಬಾಧೆ ಬೇಕು. ಗಂಗೆಯ ಮೇಲಿನ ಹಳ್ಳಿ ಎಂದಾಗ ಹಳ್ಳಿ ನೀರಿನ ಮೇಲೆ ತೇಲುತ್ತಿಲ್ಲ, ದಡದಲ್ಲಿದೆ ಎಂದು ಲಾಕ್ಷಣಿಕರು ಅರ್ಥ ಮಾಡುವಂತೆ, ‘ಎಡಚಕ್ರದಲ್ಲಿ ಸದ್ದು’ ಎಂದು ಡ್ರೈವರ್ ಹೇಳಿದಾಗ ಅದು ಬಲಚಕ್ರದಲ್ಲೂ ಇರಬಹುದು. ಚಾಸಿಯ ಕಬ್ಬಿಣ ಸದ್ದನ್ನು ಈ ಮೂಲೆಯಿಂದ ಆ ಮೂಲೆಗೆ ಹೊತ್ತು ಒಪ್ಪಿಸುತ್ತದೆ. ಬ್ರೇಕ್ ಒತ್ತಿದಾಗ ಒಂದೇ ಒಂದು ಟಕ್, ಹಿಂದಕ್ಕೆ ತೆಗೆದು ಬ್ರೇಕ್ ಹಾಕಿದರೆ ಇನ್ನೊಂದು ಟಕ್ ಎಂದರೆ ಏನೋ ಹಿಂದೆಮುಂದೆ ಜಾರುತ್ತಿದೆ: ಅದ್ವೈತಿಗಳು ಯು-ಬೋಲ್ಟನ್ನೂ ದ್ವೈತಿಗಳು ಕೆಳಗಿನ ಆರ್ಮಿನ ಬುಷ್ಷನ್ನೂ ನೋಡಬೇಕು. ಬ್ರೇಕ್ ಪ್ಯಾಡೇ ತನ್ನ ಜಾಗದಲ್ಲಿ ಆಡುತ್ತಿರಲೂಬಹುದು.

ವ್ಯಂಗ್ಯಧ್ವನಿ ಸಹೃದಯನಿಗೆ ಮಾತ್ರ ವೇದ್ಯ. ಮಾಲೀಕನೊಬ್ಬನೇ ಇದ್ದಾಗ ಗಡಗಡ, ಮೇಸ್ತ್ರಿ ಪಕ್ಕಕ್ಕೆ ಬಂದು ಕೂತೊಡನೆ ಮೌನ. ಇದರಲ್ಲಿ ಪವಾಡವೇನಿಲ್ಲ. ಖಾಲಿ ಗಾಡಿಯಲ್ಲಿ ಸಡಿಲವಾಗಿ ಬಡಿದುಕೊಳ್ಳುವ ಪಿನ್ನು ಲೋಡು ಬಿದ್ದಾಗ ಒಂದು ಬದಿಗೆ ಒತ್ತಿ ಕೂರುತ್ತದೆ. ಯಾವ ಸ್ಥಿತಿಯಲ್ಲಿ ಸದ್ದು ಬರುತ್ತದೋ ಅದೇ ಸ್ಥಿತಿಯಲ್ಲಿ ಗಾಡಿ ತರಬೇಕು ಎಂದಷ್ಟೇ ಇದರ ವ್ಯಂಗ್ಯಾರ್ಥ.

ಕೆಲವು ಮೀಮಾಂಸಕರು ತಾತ್ಪರ್ಯ ಎಂಬ ನಾಲ್ಕನೆಯ ವೃತ್ತಿಯನ್ನೂ ಒಪ್ಪುತ್ತಾರೆ. ಗ್ಯಾರೇಜಿನಲ್ಲಿ ಅದನ್ನು ಬಿಲ್ಲು ಎನ್ನುತ್ತಾರೆ. ಇದಲ್ಲದೆ ಲಕ್ಷಣಾಮೂಲ, ಅಭಿಧಾಮೂಲ, ಅಸಂಲಕ್ಷ್ಯಕ್ರಮ ಎಂದು ಉಪಭೇದಗಳನ್ನು ಹೊಸೆಯುತ್ತಲೇ ಹೋಗಬಹುದು. ಹೋಗುವುದಿಲ್ಲ. ಬೇಜಾರಾಗಿದೆ. ಇಂಥ ಪ್ರಬಂಧಗಳನ್ನು ಮಧ್ಯಾಹ್ನದ ಊಟದ ನಂತರ, ಫ್ಯಾನು ನಿಂತ ಸಭಾಂಗಣದಲ್ಲಿ ಕೇಳಿ ಕೇಳಿ ಈ ಭಾಷೆ ನಾಲಿಗೆಗೆ ಹತ್ತಿಬಿಟ್ಟಿದೆ, ಬಿಡಿಸಿಕೊಳ್ಳಲು ಸಮಯ ಹಿಡಿಯುತ್ತದೆ.

ಈ ಭಾಷೆಗೊಬ್ಬ ತಮ್ಮನಿದ್ದಾನೆ. ಏಸಿ ಹಾಕಿದ ಸರ್ವಿಸ್ ಸೆಂಟರುಗಳಲ್ಲಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಟ್ಯಾಬ್ ಹಿಡಿದು ನಿಂತಿರುತ್ತಾನೆ. ‘ಮುಂದೆ ಕಟ ಕಟ ಅಂತದೆ ಸಾರ್, ತಿರುವಲ್ಲಿ ಜಾಸ್ತಿ’ ಎಂದು ಡ್ರೈವರ್ ಕೈಯಲ್ಲಿ ತಿರುವನ್ನೂ ಬರೆದು ತೋರಿಸುತ್ತಾನೆ. ಜಾಬ್ ಕಾರ್ಡಿನಲ್ಲಿ ‘ಸಸ್ಪೆನ್ಷನ್ ನಾಯ್ಸ್’ ಎಂದು ಎರಡು ಪದ ಬೀಳುತ್ತವೆ. ತಿರುವು ಎಲ್ಲಿ ಹೋಯಿತು? ಕಟ ಕಟ ಎಲ್ಲಿ ಹೋಯಿತು? ಡ್ರೈವರನ್ನು ಸೋಫಾದ ಮೇಲೆ ಕೂರಿಸಿ ಕಾಫಿ ಕೊಟ್ಟು, ಅವನ ಗಾಡಿಯನ್ನು ಅವನಿಲ್ಲದೆ ಒಳಗೆ ಒಯ್ಯುತ್ತಾರೆ. ಸಂಜೆಗೆ ‘ಚೆಕ್ಡ್ ಅಂಡ್ ಫೌಂಡ್ ಓಕೆ’. ಇಲ್ಲವೇ, ‘ಈ ಮಾಡೆಲ್‌ಗೆ ಹಂಗೇ ಸಾರ್, ನಾರ್ಮಲ್’. ಮತ್ತೆ ಬಂದರೆ ಎರಡೂ ಶಾಕ್ ಅಬ್ಸಾರ್ಬರ್ ಬದಲು. ಮತ್ತೆ ಬಂದರೆ ಸ್ಟೆಬಿಲೈಸರ್ ಲಿಂಕು ಬದಲು. ಅಂದಾಜಿನಲ್ಲಿ ಕಲ್ಲು ಹೊಡೆಯುವುದು ಇವರು, ಒಂದೊಂದು ಕಲ್ಲಿಗೂ ದುಡ್ಡು ಕೊಡುವುದು ಟೊಮೆಟೊ ಬಾಡಿಗೆಯವನು. ಮುಟ್ಟದೆ ಮಾತಾಡುವವರಿಗೆಲ್ಲ ಈ ಸೌಲಭ್ಯವಿದೆ. ಸೆಮಿನಾರಿನಲ್ಲಿ ಭತ್ಯೆ ಎನ್ನುತ್ತಾರೆ, ಇಲ್ಲಿ ಲೇಬರ್ ಚಾರ್ಜು.

ರಸ್ತೆ ಬದಿಯ ಗ್ಯಾರೇಜಿನಲ್ಲಿ ಡ್ರೈವರ್ ಸೀಟಲ್ಲೇ ಇರುತ್ತಾನೆ. ಹುಡುಗ ಗೋಣಿಚೀಲ ಹಾಸಿಕೊಂಡು ಕೆಳಗೆ ತೂರುತ್ತಾನೆ.

‘ಅಣ್ಣಾ, ಸ್ಟೇರಿಂಗ್ ಆ ಕಡೆ ಈ ಕಡೆ ಅಲ್ಲಾಡ್ಸು. ಜಾಸ್ತಿ ಬೇಡ, ಒಂದ್ ಇಂಚು.’

ಟೈ ರಾಡ್ ಎಂಡಿನ ಮೇಲೆ ಅಂಗೈ ಇಟ್ಟಿರುತ್ತಾನೆ. ಆಮೇಲೆ ಅದರ ಜೋಡಿಯ ಮೇಲೆ, ಆಮೇಲೆ ಲಿಂಕಿನ ಮೇಲೆ.

‘ಇಲ್ಲೈತೆ ನೋಡು. ಕೈಗೆ ಹೊಡೀತೈತೆ.’

ರೋಗನಿದಾನ ಮುಗಿಯಿತು. ಕಿವಿ ಮೋಸ ಹೋಗುವಲ್ಲಿ ಅಂಗೈ ಹೋಗುವುದಿಲ್ಲ. ಅನುಮಾನ ಉಳಿದರೆ ಜಾಕಿ ಹಾಕಿ ಚಕ್ರ ಎತ್ತಿ, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸುತ್ತಾನೆ. ಆಟ ಸಿಕ್ಕರೆ ಇನ್ನೊಬ್ಬನಿಗೆ ಬ್ರೇಕ್ ಒತ್ತಲು ಹೇಳುತ್ತಾನೆ. ಒತ್ತಿದಾಗ ಆಟ ಮಾಯವಾದರೆ ವೀಲ್ ಬೇರಿಂಗು. ಹಾಗೇ ಉಳಿದರೆ ಕಿಂಗ್ ಪಿನ್ನು, ಇಲ್ಲವೇ ಬಾಲ್ ಜಾಯಿಂಟು. ಎಡಬಲ ಹಿಡಿದಾಗ ಆಟವಿದ್ದರೆ ಟೈ ರಾಡ್ ಎಂಡು. ಸ್ಪ್ರಿಂಗಿನ ಭಾರ ಕೆಳಗಿನ ಆರ್ಮಿನ ಮೇಲಿರುವ ಗಾಡಿಯಾದರೆ ಜಾಕಿಯನ್ನು ಆ ಆರ್ಮಿನ ಕೆಳಗೇ, ಚಕ್ರಕ್ಕೆ ಹತ್ತಿರವಾಗಿ ಇಡಬೇಕು. ಚಾಸಿಗೆ ಇಟ್ಟರೆ ಸ್ಪ್ರಿಂಗು ಜಾಯಿಂಟನ್ನು ಒತ್ತಿ ಹಿಡಿದು ಸವೆತವನ್ನು ಮುಚ್ಚಿಡುತ್ತದೆ. ಆಗಲೇ ‘ಫೌಂಡ್ ಓಕೆ’ ಹುಟ್ಟುವುದು.

ಇಲ್ಲಿ ನನಗೆ ನಗು ಬರುವುದಿಲ್ಲ. ಬಾಲ್ ಜಾಯಿಂಟು ಕಳಚಿದರೆ ಚಕ್ರ ಮಡಚಿಕೊಂಡು ಗಾಡಿ ಮೂಗು ನೆಲಕ್ಕೆ ಇಡುತ್ತದೆ, ಆಮೇಲೆ ಸ್ಟೇರಿಂಗಿಗೂ ರಸ್ತೆಗೂ ಸಂಬಂಧವಿಲ್ಲ. ಹಿಂದೆ ಯಾವಾಗಲೂ ಟೊಮೆಟೊ ಮಾತ್ರ ಇರುವುದಿಲ್ಲ. ಬೆಳಗಿನ ಹೊತ್ತು ಕೂಲಿಗೆ ಹೋಗುವ ಹೆಂಗಸರು ಊಟದ ಡಬ್ಬಿ ಹಿಡಿದು, ಹಗ್ಗವನ್ನೋ ಒಬ್ಬರ ಹೆಗಲನ್ನೊಬ್ಬರೋ ಹಿಡಿದು ನಿಂತಿರುತ್ತಾರೆ. ಸರಕು ಗಾಡಿಯಲ್ಲಿ ಜನ ನಿಲ್ಲಬಾರದು ಎಂಬ ಕಾನೂನು ಎಲ್ಲರಿಗೂ ಗೊತ್ತು. ಆ ಹೊತ್ತಿಗೆ ಬಸ್ಸು ಇಲ್ಲ ಎಂಬುದೂ ಎಲ್ಲರಿಗೂ ಗೊತ್ತು. ಆ ಗಾಡಿಯ ಕಟ ಕಟವನ್ನು ನಾರ್ಮಲ್ ಎಂದು ಬರೆದವನ ಸಹಿ ಆ ಜಾಬ್ ಕಾರ್ಡಿನಲ್ಲೇ ಇದೆ, ಅದನ್ನು ತೆಗೆದು ನೋಡುವವರಿಲ್ಲ.

ಪೂರ್ವಪಕ್ಷವಾಗಿ ರಸ್ತೆಯನ್ನೂ ಕೇಳಬೇಕು. ಭಾರತೀಯ ರಸ್ತೆ ಕಾಂಗ್ರೆಸ್ಸಿನ 1988ರ ಐಆರ್‌ಸಿ 99 ಮಾರ್ಗಸೂಚಿಯ ಪ್ರಕಾರ ರಸ್ತೆ ಉಬ್ಬಿನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್, ಬೆನ್ನಿನ ಬಾಗು 17 ಮೀಟರ್ ತ್ರಿಜ್ಯದ ವೃತ್ತದ್ದು; ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಆರಾಮಾಗಿ ದಾಟಬಹುದು. ಲೆಕ್ಕ ಹಾಕಿದರೆ ಮೂರೂ ಅಂಕಿಗಳು ಒಂದಕ್ಕೊಂದು ಸರಿಯಾಗಿ ಹೊಂದುತ್ತವೆ, ಯಾರೋ ಶ್ರದ್ಧೆಯಿಂದ ಕೂತು ಮಾಡಿದ ಲೆಕ್ಕ. ನಮ್ಮ ಊರುಗಳ ಹಂಪು ಎತ್ತರದಲ್ಲಿ ಇದನ್ನು ಮೀರಿಸುತ್ತದೆ, ಅಗಲದಲ್ಲಿ ಮಾತ್ರ ಒಂದು ಮೊಳ. ಪತ್ರಿಕೆಗಳು ಇದನ್ನು ‘ಅವೈಜ್ಞಾನಿಕ ಉಬ್ಬು’ ಎಂದು ವರ್ಷವಿಡೀ ಬರೆಯುತ್ತವೆ. ಆದರೆ ಮಗುವಿಗೆ ಗಾಡಿ ತಾಗಿದ ಮಾರನೆಯ ದಿನ ಊರವರೇ ಜಲ್ಲಿ ಸಿಮೆಂಟು ಕಲಸಿ ಸುರಿದ ಹಂಪನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಅಳತೆ ಪಟ್ಟಿ ಹಿಡಿದು ಬರಬೇಕಾದವರು ಆ ದಿನ ಬಂದಿದ್ದರೆ ಆ ಸಿಮೆಂಟು ಬೇಕಾಗುತ್ತಿರಲಿಲ್ಲ.

ಉಪಸಂಹಾರದ ಬದಲು ಉಳಿದ ಕೆಲಸ ಹೇಳುತ್ತೇನೆ. ಹೊಸ ರಬ್ಬರ್ ಬುಷ್ಷು ಹಾಕಿದರೆ ಅದರ ಬೋಲ್ಟನ್ನು ಚಕ್ರ ಗಾಳಿಯಲ್ಲಿ ನೇತಾಡುವಾಗ ಕೊನೆಯ ಬಿಗಿ ಕೊಡಬೇಡಿ. ಗಾಡಿ ನಾಲ್ಕೂ ಕಾಲೂರಿ ನಿಂತ ಮೇಲೆ ಬಿಗಿಯಿರಿ. ಇಲ್ಲದಿದ್ದರೆ ರಬ್ಬರು ನಿಂತಲ್ಲೇ ತಿರುಚಿಕೊಂಡು ಬೇಗನೆ ಹರಿಯುತ್ತದೆ. ಲಿಫ್ಟಿನ ಮೇಲೆ ಎಲ್ಲ ಮುಗಿಸಿ ಕೈ ಒರೆಸಿಕೊಳ್ಳುವವರು ಬಿಟ್ಟುಬಿಡುವುದು ಇದನ್ನೇ. ಯು-ಬೋಲ್ಟು ಬದಲಿಸಿದ್ದರೆ ಒಂದಷ್ಟು ಲೋಡು ಹೊಡೆದ ಮೇಲೆ ಇನ್ನೊಮ್ಮೆ ಬಿಗಿ ನೋಡಿ, ಅದು ಸಡಿಲವಾದರೆ ಸೆಂಟರ್ ಬೋಲ್ಟು ತುಂಡಾಗಿ ಆಕ್ಸಲ್ಲೇ ಜರುಗುತ್ತದೆ. ಟೈ ರಾಡ್ ಎಂಡು ಬದಲಿಸಿದ್ದರೆ ಅಲೈನ್‌ಮೆಂಟು ಮಾಡಿಸಿ. ಇಷ್ಟಾದ ಮೇಲೂ ಗಡಗಡ ನಿಲ್ಲದಿದ್ದರೆ ಸೀಟಿನ ಹಿಂದೆ ಕೈ ಹಾಕಿ, ಜಾಕಿಯ ಕ್ಲಿಪ್ಪು ಹಾಕಿದೆಯೋ ನೋಡಿ.